ತೋಟದ ರೋಗ, ಡಬ್ಬಿಯ ಮದ್ದು



ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯಲ್ಲಿ ನಮ್ಮ ದೊಡ್ಡಪ್ಪನವರ ತೋಟವಿದೆ. ಅರವತ್ತು ಎಪ್ಪತ್ತು ತೆಂಗಿನ ಮರ, ಬದುವಿನ ಮೇಲೆ ಹೊಂಗೆ, ಒಂದು ಮೂಲೆಯಲ್ಲಿ ಹಿಪ್ಪುನೇರಳೆ. ಹೋದ ಶ್ರಾವಣದಲ್ಲಿ ನಾನು ಹೋದಾಗ ಅವರು ಕಾಫಿ ಕುಡಿಯುವುದಕ್ಕೂ ಬಿಡದೆ ಒಂದು ಮರದ ಬುಡಕ್ಕೆ ಕರೆದುಕೊಂಡು ಹೋದರು. ಬುಡದಿಂದ ಮೂರಡಿ ಎತ್ತರದವರೆಗೆ ಕಾಂಡ ಅಲ್ಲಲ್ಲಿ ಬಿರಿದಿತ್ತು. ಬಿರುಕಿನಿಂದ ಕೆಂಗಂದು ರಸ ಸೋರಿ, ಬೆಲ್ಲದ ಪಾಕ ಚೆಲ್ಲಿ ಒಣಗಿದಂತೆ ಅಂಟಿಕೊಂಡಿತ್ತು. ಕೆಳಗಿನ ಗರಿಗಳು ಕಾಂಡಕ್ಕೆ ಜೋತುಬಿದ್ದಿದ್ದವು. ಮಣ್ಣಿಗೆ ತಾಗಿದ ಜಾಗದಲ್ಲಿ ಅಂಗೈಯಗಲದ ಒಂದು ಅಣಬೆ. ನಾವು ಸಾರು ಮಾಡುವ ಮೆತ್ತನೆಯ ಅಣಬೆಯಲ್ಲ, ಬೆರಳಿನಿಂದ ತಟ್ಟಿದರೆ ಟಕಟಕ ಎನ್ನುವ ಗಟ್ಟಿ ಅಣಬೆ. ಅಂಚು ಬೆಳ್ಳಗೆ, ಅದರ ಒಳಗೆ ಹಳದಿ, ಇನ್ನೂ ಒಳಗೆ ಕೆಂಪು. ಮೇಲೆಲ್ಲ ಚನ್ನಪಟ್ಟಣದ ಬೊಂಬೆಗೆ ಅರಗಿನ ಮೆರುಗು ಕೊಟ್ಟಂಥ ಹೊಳಪು. ನೋಡುವುದಕ್ಕೆ ನಿಜವಾಗಿಯೂ ಚೆಂದ.

ದೊಡ್ಡಪ್ಪ ಜೇಬಿನಿಂದ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದರು. ಅದರಲ್ಲಿ ಇಂಥದೇ ಅಣಬೆ, ಪಕ್ಕದಲ್ಲಿ ಮಾತ್ರೆಯ ಡಬ್ಬಿ. "ಅಲ್ಲ ಕಣಪ್ಪ, ಇದನ್ನ ನಾವು ಅಣಬೆ ರೋಗ ಅಂತೀವಿ. ಇದರಿಂದ ನಾಲ್ಕು ಮರ ಕಳ್ಕೊಂಡು ಕೂತಿದ್ದೀನಿ. ಇವ್ರು ನೋಡಿದ್ರೆ ಇದನ್ನೇ ಪುಡಿ ಮಾಡಿ ಸಕ್ಕರೆ ಕಾಯಿಲೆಗೆ ಮದ್ದು ಅಂತ ಮಾರ್ತಾವ್ರೆ. ನಮ್ಮ ತೋಟದಲ್ಲಿರೋದು ರೋಗಾನೋ, ಮದ್ದೋ? ಕುದಿಸಿ ಕುಡಿದ್ರೆ ಏನಾಯ್ತದೆ?" ಎಂದು ಕೇಳಿದರು.

ಅವರಿಗೆ ಅವತ್ತು ಅರ್ಧ ಉತ್ತರ ಕೊಟ್ಟು ಬಂದೆ. ಉಳಿದರ್ಧವನ್ನು ಇವತ್ತು ಹೇಳುತ್ತೇನೆ. ಇದೇ ಪ್ರಶ್ನೆ ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಎಷ್ಟೋ ಮನೆಗಳಲ್ಲಿ ಇದೆಯೆಂದು ನನಗೆ ಗೊತ್ತು.

ಆ ಅಣಬೆಯ ಕುಲದ ಹೆಸರು ಗ್ಯಾನೋಡರ್ಮಾ. ನಮ್ಮ ರೈತರಿಗೆ ಅದು ಹೊಸದೇನಲ್ಲ. ಮೈಸೂರು ಸೀಮೆಯ ಅಡಿಕೆ ತೋಟಗಳ ಅಣಬೆ ರೋಗವನ್ನು ಸಸ್ಯರೋಗ ವಿಜ್ಞಾನಿ ಬಟ್ಲರ್ 1906ರಲ್ಲಿಯೇ ವರದಿ ಮಾಡಿದ್ದರು. ಅಣಬೆ ರೋಗ ಎಂಬ ನಮ್ಮ ಕನ್ನಡದ ಹೆಸರೇ ವಿಜ್ಞಾನದ ಪುಸ್ತಕಗಳಿಗೂ ಹೋಗಿ ಇವತ್ತಿಗೂ ಹಾಗೇ ಉಳಿದಿದೆ. ತೆಂಗಿಗೆ ಬರುವ ಇದೇ ರೋಗ 1952ರಲ್ಲಿ ತಮಿಳುನಾಡಿನ ತಂಜಾವೂರು ಕಡೆ ದೊಡ್ಡ ಹಾನಿ ಮಾಡಿದ್ದರಿಂದ ಅಲ್ಲಿ ಅದಕ್ಕೆ ತಂಜಾವೂರು ರೋಗವೆಂದೇ ಹೆಸರಾಯಿತು. ಈ ಶಿಲೀಂಧ್ರ ಮಣ್ಣಿನಲ್ಲಿದ್ದುಕೊಂಡು ಬೇರಿನ ಮೂಲಕ ಮರದೊಳಕ್ಕೆ ಹೋಗುತ್ತದೆ. ನೀರಿಲ್ಲದೆ ಬೇಸಿಗೆಯಲ್ಲಿ ಸೊರಗಿದ ಮರಕ್ಕೆ ಬೇಗ ಅಂಟುತ್ತದೆ. ಬುಡದಲ್ಲಿ ಅಣಬೆ ಮೂಡುವುದು ಕೊನೆಯ ಹಂತ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಬೇರು ಬಹುಪಾಲು ಕೊಳೆತಿರುತ್ತದೆ. ಅಣಬೆಯನ್ನು ಕಿತ್ತು ತಿಪ್ಪೆಗೆ ಎಸೆಯಬೇಡಿ, ಸುಟ್ಟುಹಾಕಿ. ರೋಗದ ಮರದ ಸುತ್ತ ಮೂರಡಿ ಆಳ, ಎರಡಡಿ ಅಗಲದ ಕಂದಕ ತೆಗೆದು ಪಕ್ಕದ ಮರಕ್ಕೆ ಬೇರು ತಾಗದಂತೆ ಮಾಡಿ. ಉಳಿದ ಮರಗಳಿಗೆ ವರ್ಷಕ್ಕೆ ಐದು ಕೆ.ಜಿ. ಬೇವಿನ ಹಿಂಡಿಯನ್ನು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಜೊತೆ ಕೊಡಿ. ಹೆಚ್ಚಿನ ಸಲಹೆ ಬೇಕಾದರೆ ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ತೂಬಗೆರೆ ಹೋಬಳಿಯ ಹಾಡೋನಹಳ್ಳಿಯಲ್ಲೇ ಇದೆ.

ಇನ್ನು ಅದೇ ಕುಲದ ಅಣಬೆಗೆ ಚೀನಾ ದೇಶದಲ್ಲಿ ಬೇರೆಯೇ ಮರ್ಯಾದೆ. ಅಲ್ಲಿ ಅದರ ಹೆಸರು ಲಿಂಗ್‌ಝಿ. ಜಪಾನಿನಲ್ಲಿ ರೇಷಿ. ಚೀನೀಯರ ಅತ್ಯಂತ ಹಳೆಯ ಔಷಧ ಗ್ರಂಥವಾದ ಶೆನ್ನೊಂಗ್ ಬೆನ್‌ಸಾವೊ ಜಿಂಗ್‌ನಲ್ಲಿ ಬಣ್ಣಕ್ಕೊಂದರಂತೆ ಅದರ ಆರು ಬಗೆಗಳನ್ನು ಹೇಳಿದೆ. ಆಯಸ್ಸು ಹೆಚ್ಚಿಸುವ ವಸ್ತುಗಳ ಸಾಲಿನಲ್ಲಿ ಅದಕ್ಕೆ ಮೇಲಿನ ಜಾಗ. ಅರಮನೆಯ ಕೆತ್ತನೆಗಳಲ್ಲಿ, ದೇವತೆಗಳ ಕೈಯಲ್ಲಿ ಅದನ್ನು ಇಟ್ಟರು. ಕಾಡಿನಲ್ಲಿ ಸಿಗುವುದು ಅಪರೂಪವಾಗಿದ್ದರಿಂದ ಬೆಲೆಯೂ ಹೆಚ್ಚು. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಮರದ ತುಂಡು, ಮರದ ಹೊಟ್ಟಿನ ಮೇಲೆ ಅದನ್ನು ಬೆಳೆಯುವುದು ಸಾಧ್ಯವಾದ ಮೇಲೆ ಡಬ್ಬಿಗೆ ಬಂತು, ಕಾಫಿಪುಡಿಗೂ ಬಂತು.

ಅಣಬೆ ರೋಗ ಒಂದೇ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆ ಬೆಳೆಯುವವರು ಸುಣ್ಣಕಟ್ಟು ರೋಗವನ್ನು ಚೆನ್ನಾಗಿ ಬಲ್ಲರು. ಮಳೆ, ಚಳಿಯ ದಿನಗಳಲ್ಲಿ ಹುಳು ಸಾಕುವ ಮನೆಯಲ್ಲಿ ತೇವ ಹೆಚ್ಚಾದರೆ ಹುಳು ಸೊಪ್ಪು ಬಿಟ್ಟು, ಸತ್ತು, ಒಂದೆರಡು ದಿನದಲ್ಲಿ ಸೀಮೆಸುಣ್ಣದ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ. ಒಂದು ತಟ್ಟೆಯಲ್ಲಿ ಕಂಡರೆ ನಾಲ್ಕನೆಯ ದಿನಕ್ಕೆ ಮನೆಯೆಲ್ಲ ಹರಡಿರುತ್ತದೆ. ಹೆಣ್ಣುಮಕ್ಕಳು ರಾತ್ರಿ ನಿದ್ದೆಗೆಟ್ಟು ಸಾಕಿದ ಬೆಳೆ ಕೈಬಿಡುವ ಸಂಕಟ ಅದು. ಇದೂ ಶಿಲೀಂಧ್ರವೇ, ಬ್ಯೂವೇರಿಯಾ ಎಂದು ಹೆಸರು. ಇಟಲಿಯ ಅಗೋಸ್ತಿನೊ ಬಾಸ್ಸಿ 1835ರಲ್ಲಿ ಈ ರೋಗ ಒಂದು ಸೂಕ್ಷ್ಮಜೀವಿಯಿಂದ ಬರುತ್ತದೆಂದು ತೋರಿಸಿಕೊಟ್ಟರು. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗಳಿಗೆ ರೋಗ ಬರುತ್ತದೆಂಬುದಕ್ಕೆ ಸಿಕ್ಕ ಮೊದಲ ಪುರಾವೆಗಳಲ್ಲಿ ಅದೊಂದು. ನಾವು ಬೆಂಕಿಗೆ ಹಾಕುವ ಆ ಸುಣ್ಣಕಟ್ಟಿದ ಹುಳುವನ್ನೇ ಚೀನಾದ ವೈದ್ಯರು ಸೆಳವು, ನಡುಕದಂಥ ಕಾಯಿಲೆಗಳಿಗೆ ಮದ್ದಾಗಿ ನೂರಾರು ವರ್ಷಗಳಿಂದ ಕೊಡುತ್ತ ಬಂದಿದ್ದಾರೆ. ಜಿಯಾಂಗ್‌ಸಾನ್ ಎಂಬ ಹೆಸರಿನಲ್ಲಿ ಅದು ಈಗಲೂ ಅಲ್ಲಿನ ಔಷಧದಂಗಡಿಗಳಲ್ಲಿ ಸಿಗುತ್ತದೆ.

ಒಂದೇ ಕುಲದ ಶಿಲೀಂಧ್ರ ಒಂದು ಊರಿನಲ್ಲಿ ರೋಗ, ಇನ್ನೊಂದು ಊರಿನಲ್ಲಿ ಮದ್ದು. ಹಾಗಾದರೆ ನಮ್ಮ ಹಿರಿಯರು ಅಣಬೆಯನ್ನು ಎಲ್ಲಿಟ್ಟಿದ್ದರು ಎಂಬುದನ್ನು ನೋಡಬೇಕು. ಈಗಿನ ಜಾಹೀರಾತುಗಳಲ್ಲಿ ರೇಷಿ ಅಣಬೆಯ ಪಕ್ಕದಲ್ಲಿ ಆಯುರ್ವೇದದ ಹೆಸರನ್ನೂ ಸೇರಿಸುವುದು ಕಾಣುತ್ತಿದೆ, ಅದಕ್ಕೆ ಈ ಮಾತು.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅಣಬೆಯ ಮಾತು ಬರುತ್ತದೆ. ಹುಲ್ಲಿನ ಮೇಲೆ ಎದ್ದದ್ದು, ಕಬ್ಬಿನ ಮೇಲೆ ಎದ್ದದ್ದು, ಸಗಣಿಯ ಮೇಲೆ, ಬಿದಿರಿನ ಮೇಲೆ, ಬರೀ ನೆಲದ ಮೇಲೆ ಎದ್ದದ್ದು ಎಂದು ಐದು ಬಗೆ ಮಾಡಿ, ಒಂದೊಂದರ ಗುಣವನ್ನು ಬೇರೆಬೇರೆಯಾಗಿ ಹೇಳಿದೆ. ಅದರಲ್ಲಿ ಹುಲ್ಲಿನ ಮೇಲೆ ಎದ್ದದ್ದಕ್ಕೆ ಒಳ್ಳೆಯ ಮಾತಿದೆ. ಅದು ರುಚಿಯಲ್ಲಿ ಸಿಹಿ, ದೋಷವನ್ನು ಶಮನ ಮಾಡುವಂಥದು. ಚರಕಸಂಹಿತೆ ಸರ್ಪಛತ್ರಕವೆಂಬ ಒಂದು ಬಗೆಯನ್ನು ಬಿಟ್ಟುಬಿಡಿ ಎಂದು ಹೇಳಿ, ಉಳಿದ ಅಣಬೆಗಳು ಸಿಹಿ, ಶೀತ, ಜೀರ್ಣಕ್ಕೆ ಭಾರ, ನೆಗಡಿ ತರುವಂಥವು ಎನ್ನುತ್ತದೆ. ಇವೆಲ್ಲ ಬರುವುದು ಸೊಪ್ಪು ತರಕಾರಿಗಳ ಭಾಗದಲ್ಲಿ. ಮನುಸ್ಮೃತಿಯಂತೂ ಬೆಳ್ಳುಳ್ಳಿ ಈರುಳ್ಳಿಯ ಜೊತೆ ಅಣಬೆಯನ್ನೂ ತಿನ್ನಬಾರದವುಗಳಲ್ಲಿ ಸೇರಿಸಿತು. ಒಟ್ಟಿನಲ್ಲಿ ನಮ್ಮ ಹಳೆಯ ವೈದ್ಯಗ್ರಂಥಗಳಿಗೆ ಅಣಬೆಯೆಂದರೆ ಆಹಾರ, ಅದೂ ನೋಡಿಕೊಂಡು ತಿನ್ನಬೇಕಾದ ಆಹಾರ.

ನಮ್ಮಜ್ಜಿ ಚರಕನ ಹೆಸರು ಕೇಳಿದವರಲ್ಲ. ಮೃಗಶಿರ, ಆರಿದ್ರಾ ಮಳೆ ಗುಡುಗಿನ ಜೊತೆ ಬಂದ ಮಾರನೆಯ ಬೆಳಿಗ್ಗೆ ಘಾಟಿಯ ದಾರಿಯ ಹುತ್ತಗಳ ಸುತ್ತ "ಅಣಬೆ ಎದ್ದವೆ" ಎಂದು ಸುದ್ದಿ ಬಂದರೆ ಮಕ್ಕಳನ್ನು ಓಡಿಸುತ್ತಿದ್ದರು. ಬಿಡಿಸಿ ತಂದದ್ದನ್ನು ಬುಡದ ಮಣ್ಣು ಕೆರೆದು, ಅರಿಸಿನದ ನೀರಿನಲ್ಲಿ ತೊಳೆದು, ಹುರಿದ ಧನಿಯ, ಕೊಬ್ಬರಿ, ಚಕ್ಕೆ ಲವಂಗ ರುಬ್ಬಿ ಹಾಕಿ ಸಾರು ಮಾಡಿದರೆ ಆ ದಿನದ ಮುದ್ದೆಗೆ ಬೇರೇನೂ ಬೇಕಿರಲಿಲ್ಲ. ಆದರೆ ಮನೆಯಲ್ಲಿ ಬಾಣಂತಿ ಇದ್ದರೆ, ಕೆಮ್ಮು ಉಬ್ಬಸದವರು ಇದ್ದರೆ ಅವರ ತಟ್ಟೆಗೆ ಬಡಿಸುತ್ತಿರಲಿಲ್ಲ. "ಶೀತ ಕಣೇ, ಬ್ಯಾಡ" ಎನ್ನುತ್ತಿದ್ದರು. ಪುಸ್ತಕದಲ್ಲಿರುವುದೂ ಅಡುಗೆಮನೆಯಲ್ಲಿದ್ದದ್ದೂ ಒಂದೇ ಮಾತು.

ಆ ಹುತ್ತದ ಅಣಬೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದನ್ನು ಬಿತ್ತಿ ಬೆಳೆಯುವುದು ಗೆದ್ದಲು. ಒಣ ಎಲೆ, ಕಡ್ಡಿಯನ್ನು ತಂದು ಅಗಿದು, ಹುತ್ತದೊಳಗೆ ಜೇನುಹಟ್ಟಿಯಂಥ ಹಾಸು ಮಾಡಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸಿ ಅದನ್ನೇ ತಿಂದು ಗೆದ್ದಲು ಬದುಕುತ್ತದೆ. ಮಳೆ ಬಿದ್ದಾಗ ಆ ಶಿಲೀಂಧ್ರ ಹೊರಕ್ಕೆ ಕೊಡೆ ಬಿಚ್ಚುತ್ತದೆ. ಮನುಷ್ಯ ಎಷ್ಟು ಪ್ರಯತ್ನ ಪಟ್ಟರೂ ಅದನ್ನು ಕೊಟ್ಟಿಗೆಯಲ್ಲಿ ಬೆಳೆಯುವುದಕ್ಕೆ ಆಗಿಲ್ಲ. ಹುತ್ತ ಉಳಿದರೆ ಮಾತ್ರ ಆ ಅಣಬೆ ಉಂಟು. ನಮ್ಮ ಜಿಲ್ಲೆಯಲ್ಲಿ ಬಡಾವಣೆಗೆಂದು ಜೆಸಿಬಿ ಬಂದು ನೆಲ ಮಟ್ಟ ಮಾಡಿದ ಕಡೆ ಎಷ್ಟು ಹುತ್ತಗಳು ಹೋದವೋ ಅಷ್ಟು ಅಣಬೆಯ ಜಾಗಗಳೂ ಹೋದವು.

ಮದ್ದಾಗಿ ಬಳಸಿದ ಉದಾಹರಣೆ ನಮ್ಮ ಕಡೆ ಇಲ್ಲವೇ ಇಲ್ಲವೆಂದಲ್ಲ. ಕೊಂಕಣ, ಗೋವಾ ಸೀಮೆಯಲ್ಲಿ ಹಲಸಿನ ಮರದ ಕಾಂಡದ ಮೇಲೆ ಬೆಳೆಯುವ ಗಟ್ಟಿ ಅಣಬೆಯನ್ನು ಫಣಸಾಂಬೆ ಎನ್ನುತ್ತಾರೆ. ಮಕ್ಕಳಿಗೆ ಬಾಯಲ್ಲಿ ಜೊಲ್ಲು ಹೆಚ್ಚಾದಾಗ, ಬಾಯಿಹುಣ್ಣಾದಾಗ ಅದನ್ನು ಕಲ್ಲಿನ ಮೇಲೆ ತೇಯ್ದು ವಸಡಿಗೆ ಹಚ್ಚುವ ರೂಢಿಯಿದೆ. ಬಲಿತು ಒಡೆದಾಗ ಹೊಗೆಯಂತೆ ಪುಡಿ ಹಾರುವ ಗುಂಡು ಅಣಬೆಯ ಪುಡಿಯನ್ನು ಗಾಯದ ರಕ್ತ ನಿಲ್ಲಿಸುವುದಕ್ಕೆ ಹಾಕುವ ರೂಢಿ ದೇಶದ ಹಲವು ಕಡೆಗಳಲ್ಲಿತ್ತು. ಇವೆಲ್ಲ ಮೇಲೆ ಹಚ್ಚುವ, ಒಂದೆರಡು ದಿನದ ಬಳಕೆ. ದಿನಕ್ಕೆ ಎರಡರಂತೆ ವರ್ಷಗಟ್ಟಲೆ ನುಂಗುವ ಪದ್ಧತಿ ನಮ್ಮದಲ್ಲ.

ಹಾಗೆಂದು ಅಣಬೆ, ಬೂಷ್ಟುಗಳಲ್ಲಿ ಔಷಧದ ಶಕ್ತಿಯೇ ಇಲ್ಲವೆಂದು ಯಾರಾದರೂ ಹೇಳಿದರೆ ಅದನ್ನೂ ನಾನು ಒಪ್ಪುವುದಿಲ್ಲ. ಜಪಾನಿನ ಉತ್ತರದ ಅಕಿತಾ ಎಂಬ ಕಡೆ ಒಬ್ಬ ರೈತರ ಮನೆಯ ಹುಡುಗ ಅಜ್ಜನ ಜೊತೆ ಕಾಡು ಸುತ್ತುತ್ತ ಅಣಬೆಗಳನ್ನು ಗುರುತಿಸುವುದನ್ನು ಕಲಿತ. ಮನುಷ್ಯನಿಗೆ ಏನೂ ಮಾಡದೆ ನೊಣವನ್ನು ಮಾತ್ರ ಕೊಲ್ಲುವ ಒಂದು ಅಣಬೆ ಅವನ ಮನಸ್ಸಿನಲ್ಲಿ ಕೂತಿತು. ಆ ಹುಡುಗ ಅಕಿರಾ ಎಂಡೊ. ದೊಡ್ಡವರಾದ ಮೇಲೆ ಅವರು ಸುಮಾರು ಆರು ಸಾವಿರ ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, 1973ರಲ್ಲಿ ಒಂದು ಬೂಷ್ಟಿನಿಂದ ರಕ್ತದ ಕೊಬ್ಬನ್ನು ಇಳಿಸುವ ವಸ್ತುವನ್ನು ಬೇರ್ಪಡಿಸಿದರು. ಇವತ್ತು ನಮ್ಮ ಮನೆಗಳಲ್ಲಿ ಹಿರಿಯರು ರಾತ್ರಿ ನುಂಗುವ ಸ್ಟಾಟಿನ್ ಮಾತ್ರೆಗಳ ವಂಶ ಶುರುವಾದದ್ದು ಅಲ್ಲಿಂದ. ಆ ವಂಶದ ಲೋವಾಸ್ಟಾಟಿನ್ 1987ರಲ್ಲಿ ಅಮೆರಿಕದಲ್ಲಿ ಮಾರಾಟದ ಒಪ್ಪಿಗೆ ಪಡೆಯಿತು. ಬೆಂಗಳೂರಿನ ಬಯೋಕಾನ್ ಅದನ್ನು ಬೂಷ್ಟು ಹುದುಗಿಸಿ ತಯಾರಿಸಿ 2001ರಲ್ಲಿ ಅಮೆರಿಕದ ಔಷಧ ಇಲಾಖೆಯ ಅನುಮತಿ ಪಡೆಯಿತು. ಸ್ವಾರಸ್ಯವೆಂದರೆ ನಾವು ತಿನ್ನುವ ಚಿಪ್ಪಣಬೆಯಲ್ಲೂ ಅಲ್ಪ ಪ್ರಮಾಣದಲ್ಲಿ ಅದೇ ಲೋವಾಸ್ಟಾಟಿನ್ ಇದೆ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್ ಕೂಡ ನಾರ್ವೆಯ ಮಣ್ಣಿನ ಒಂದು ಶಿಲೀಂಧ್ರದಿಂದ ಬಂದದ್ದು. ಜಪಾನಿನಲ್ಲಿ ಮರದ ಮೇಲೆ ಬೆಳೆಯುವ ಪಟ್ಟೆಪಟ್ಟೆಯ ಒಂದು ಅಣಬೆಯಿಂದ ತೆಗೆದ ಕ್ರೆಸ್ಟಿನ್‌ಗೆ 1977ರಲ್ಲಿ, ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್‌ಗೆ 1985ರಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸಲು ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ಬಳಸಿದ್ದು ಮುಖ್ಯವಾಗಿ ಕೀಮೋಥೆರಪಿಯ ಜೊತೆಯಲ್ಲಿ, ಆಸ್ಪತ್ರೆಯಲ್ಲಿ, ವೈದ್ಯರ ಕೈಯಿಂದ. ಲೆಂಟಿನಾನ್ ಅನ್ನಂತೂ ಇಂಜೆಕ್ಷನ್ ಆಗಿ.

ಈ ಮದ್ದುಗಳಲ್ಲಿ ಯಾವುದೂ ಅಣಬೆಯನ್ನು ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿದ್ದರಿಂದ ಆಗಲಿಲ್ಲ. ಕೆಲಸ ಮಾಡುವ ವಸ್ತು ಯಾವುದು, ಎಷ್ಟು ಮಿಲಿಗ್ರಾಂ ಕೊಡಬೇಕು, ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆ ಅವು ಮದ್ದಾದವು.

ರೇಷಿಯನ್ನೂ ಹಾಗೆ ಪರೀಕ್ಷಿಸಿದ್ದಾರೆ. ಜಗತ್ತಿನ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಜರಡಿ ಹಿಡಿಯುವ ಕಾಕ್ರೇನ್ ಎಂಬ ಸಂಸ್ಥೆಯಿದೆ. ಹೆಚ್ಚಾಗಿ ಸಕ್ಕರೆ ಕಾಯಿಲೆಯವರ ಮೇಲೆ ರೇಷಿಯ ಪರಿಣಾಮ ನೋಡಿದ ಐದು ಅಧ್ಯಯನಗಳನ್ನು, ಅಂದರೆ 398 ಜನರ ಫಲಿತಾಂಶವನ್ನು, 2015ರಲ್ಲಿ ಪರಿಶೀಲಿಸಿ ಸಕ್ಕರೆ, ರಕ್ತದೊತ್ತಡ, ಕೊಬ್ಬು ಇಳಿಸುವುದಕ್ಕೆ ಇದನ್ನು ಬಳಸಿ ಎನ್ನಲು ಆಧಾರವಿಲ್ಲವೆಂದು ಹೇಳಿತು. ಕ್ಯಾನ್ಸರ್ ಬಗ್ಗೆ 2016ರಲ್ಲಿ 373 ರೋಗಿಗಳ ಐದು ಅಧ್ಯಯನಗಳನ್ನು ನೋಡಿತು. ಕೀಮೋ, ರೇಡಿಯೇಷನ್ ಜೊತೆ ತೆಗೆದುಕೊಂಡವರಲ್ಲಿ ಸ್ವಲ್ಪ ಅನುಕೂಲದ ಸೂಚನೆ ಕಂಡಿತು. ಅದನ್ನೇ ಮೊದಲ ಚಿಕಿತ್ಸೆಯಾಗಿ ನೆಚ್ಚಿಕೊಳ್ಳಲು ಪುರಾವೆ ಸಿಗಲಿಲ್ಲ. ನೆನಪಿನ ಶಕ್ತಿಗೆಂದು ಈಗ ಮಾರುವ ಲಯನ್ಸ್ ಮೇನ್, ಅಂದರೆ ಸಿಂಹದ ಕೇಸರದಂತೆ ಬಿಳಿ ಎಳೆಗಳು ಇಳಿಬಿದ್ದಿರುವ ಅಣಬೆ, ಅದರ ಮೇಲೆ ಜಪಾನಿನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದ್ದದ್ದು 30 ಜನ. 16 ವಾರ ತಿಂದವರ ಅರಿವಿನ ಪರೀಕ್ಷೆಯ ಅಂಕ ಸ್ವಲ್ಪ ಏರಿತು, ನಿಲ್ಲಿಸಿದ ನಾಲ್ಕು ವಾರದಲ್ಲಿ ಇಳಿಯಿತು. ಆಶೆ ಹುಟ್ಟಿಸುವ ಫಲಿತಾಂಶ ಹೌದು, ಆದರೆ 30 ಜನರ ಮೇಲೆ ಊರಿಗೆಲ್ಲ ಮದ್ದು ಹಂಚಲಾಗದು.

ಕಾರ್ಡಿಸೆಪ್ಸ್ ಕಥೆ ಇನ್ನೂ ದೊಡ್ಡದು. ಹಿಮಾಲಯದ ಎತ್ತರದ ಹುಲ್ಲುಗಾವಲಿನಲ್ಲಿ ನೆಲದೊಳಗಿನ ಹುಳುವಿಗೆ ಹತ್ತಿ, ಅದನ್ನು ಕೊಂದು, ತಲೆಯಿಂದ ಕಡ್ಡಿಯಂತೆ ಮೇಲಕ್ಕೆ ಬರುವ ಶಿಲೀಂಧ್ರ ಅದು. ಉತ್ತರಾಖಂಡದಲ್ಲಿ ಕೀಡಾಜಡಿ ಎನ್ನುತ್ತಾರೆ. 1993ರಲ್ಲಿ ಚೀನಾದ ವಾಂಗ್ ಜುನ್‌ಶಿಯಾ 10,000 ಮೀಟರ್ ಓಟವನ್ನು 29 ನಿಮಿಷ 31.78 ಸೆಕೆಂಡಿನಲ್ಲಿ ಮುಗಿಸಿ ಜಗತ್ತನ್ನು ಬೆರಗುಗೊಳಿಸಿದಾಗ ಅವರ ತರಬೇತುದಾರರು ಇದರ ಹೆಸರನ್ನೂ ಹೇಳಿದರು. ಅಲ್ಲಿಂದ ಅದರ ಬೆಲೆ ಗಗನಕ್ಕೇರಿತು. ಆ ತಂಡದ ಓಟಗಾರ್ತಿಯರು ತಮಗೆ ನಿಷೇಧಿತ ಮದ್ದು ಕೊಡುತ್ತಿದ್ದರೆಂದು 1995ರಲ್ಲಿ ಬರೆದ ಪತ್ರ 2016ರಲ್ಲಿ ವರದಿಯಾಯಿತು. ಆ ಸುದ್ದಿ ಮಾತ್ರ ಡಬ್ಬಿಯ ಮೇಲೆ ಬರಲಿಲ್ಲ. ಕೀಳುವವರು ಹೆಚ್ಚಾಗಿ ಕಾಡಿನ ಕೀಡಾಜಡಿ ಈಗ ಅಪಾಯದಂಚಿನ ಪಟ್ಟಿಯಲ್ಲಿದೆ. ನಮ್ಮಲ್ಲಿ ಏರ್‌ಕಂಡೀಷನ್ ಕೋಣೆಯ ಬಾಟಲಿಗಳಲ್ಲಿ ಅಕ್ಕಿಯ ಮೇಲೆ ಬೆಳೆಯುವುದು ಅದರ ದಾಯಾದಿ, ಬೇರೆ ಜಾತಿ. ಚೀನಾ, ಕೊರಿಯಾದಲ್ಲಿ ಅದನ್ನು ರೇಷ್ಮೆಹುಳುವಿನ ಪ್ಯೂಪಾದ ಮೇಲೂ ಬೆಳೆಯುತ್ತಾರೆ.

ಈಗ ನಮ್ಮ ಮನೆಯ ಮಾತು. ಹೊಸಕೋಟೆಯಲ್ಲಿರುವ ನನ್ನ ಅತ್ತಿಗೆಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಪರಿಚಯದವರೊಬ್ಬರು ಮನೆಗೇ ಬಂದು ಅಣಬೆಯ ಮಾತ್ರೆ, ಅಣಬೆಯ ಕಾಫಿ ಕೊಟ್ಟರು. ತಿಂಗಳಿಗೆ ನಾಲ್ಕು ಸಾವಿರ. ಅತ್ತಿಗೆ ಆಸ್ಪತ್ರೆಯ ಮಾತ್ರೆಯನ್ನು ಅರ್ಧ ಮಾಡಿದರು, ಆಮೇಲೆ ಪೂರ್ತಿ ಬಿಟ್ಟರು. ಯಾರಿಗೂ ಹೇಳಲಿಲ್ಲ. ಮೂರು ತಿಂಗಳ ಮೇಲೆ ಕಾಲಿನ ಹೆಬ್ಬೆರಳಿನ ಸಣ್ಣ ಗಾಯ ಮಾಗದೆ ಕಪ್ಪಾಗತೊಡಗಿದಾಗ ಮಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಬೆರಳು ಉಳಿಯಿತು, ಪುಣ್ಯ. ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲಿ ಕೂತಿದ್ದಾಗ ಅವರು ಮೆಲ್ಲಗೆ, "ಕಹಿ ಇತ್ತು ಕಣಪ್ಪ, ಕಹಿ ಇದ್ದದ್ದೆಲ್ಲ ಸಕ್ಕರೆಗೆ ಒಳ್ಳೇದು ಅಂದ್ಕೊಂಡೆ" ಎಂದರು. ಆ ಮಾತು ಕೇಳಿ ನನಗೆ ಕಣ್ಣು ತುಂಬಿತು. ಹಾಗಲ, ಬೇವು, ಮೆಂತ್ಯ ತಿಂದು ಬೆಳೆದ ನಮ್ಮ ಜನ ಕಹಿಯನ್ನು ನಂಬುತ್ತಾರೆ. ಆ ನಂಬಿಕೆಯನ್ನು ಹೀಗೆ ಬಳಸಿಕೊಳ್ಳುವುದು ತಪ್ಪು.

ಆ ಡಬ್ಬಿಯನ್ನು ನಾನು ಮನೆಗೆ ತಂದು ಬೆಳಕಿಗೆ ಹಿಡಿದು ಓದಿದೆ. ಮುಂದೆ ದೊಡ್ಡ ಅಕ್ಷರದಲ್ಲಿ ಹೆಸರು. ಹಿಂದೆ ಸಾಸಿವೆ ಗಾತ್ರದ ಅಕ್ಷರದಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಎಂಬ ಸಾಲು. ನಮ್ಮ ದೇಶದಲ್ಲಿ 2016ರ ಪೂರಕ ಆಹಾರ ನಿಯಮಗಳ ಪ್ರಕಾರ ಆ ಸಾಲು ಇರಲೇಬೇಕು. ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾನೂನಿನ ಪ್ರಕಾರವೇ ಅಪರಾಧ. ಅದಕ್ಕೇ ಡಬ್ಬಿಯ ಮೇಲೆ ಬರೆಯದ ಮಾತನ್ನು ಬಾಯಲ್ಲಿ ಹೇಳುತ್ತಾರೆ, ಫೋನಿನಲ್ಲಿ ಕಳಿಸುತ್ತಾರೆ.

ಡಬ್ಬಿಯೊಳಗೆ ಇರುವುದಾದರೂ ರೇಷಿಯೇ? ಅಮೆರಿಕದ ಮಾರುಕಟ್ಟೆಯಲ್ಲಿ ಕೊಂಡ 19 ರೇಷಿ ಪೂರಕಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿಜವಾದ ರೇಷಿಗೆ ಹೊಂದಿದ್ದು ಐದು ಮಾತ್ರ. ಅಣಬೆ ಬೇಸಾಯ ಮಾಡಿದವರಿಗೆ ಇದರ ಒಂದು ಗುಟ್ಟು ಬೇಗ ಅರ್ಥವಾಗುತ್ತದೆ. ಅಣಬೆ ಬೀಜವೆಂದು ನಾವು ತರುವ ಪೊಟ್ಟಣದಲ್ಲಿ ಇರುವುದು ಬೇಯಿಸಿದ ಜೋಳದ ಕಾಳು, ಅದರ ಮೇಲೆ ಹಬ್ಬಿದ ಬಿಳಿ ಎಳೆ. ಆ ಪೊಟ್ಟಣವನ್ನು ಕಾಳಿನ ಸಮೇತ ಒಣಗಿಸಿ ಬೀಸಿದರೆ ಬರುವ ಹಿಟ್ಟಿನಲ್ಲಿ ಅಣಬೆಗಿಂತ ಜೋಳವೇ ಹೆಚ್ಚು. ಮೈಸೀಲಿಯಂ ಪುಡಿ ಎಂಬ ಹೆಸರಿನಲ್ಲಿ ಅಂಥ ಹಿಟ್ಟೂ ಮಾರಾಟವಾಗುತ್ತದೆ. ಸಕ್ಕರೆ ಕಾಯಿಲೆಯವರು ದುಡ್ಡು ಕೊಟ್ಟು ಪಿಷ್ಟವನ್ನು ನುಂಗಿದಂತಾಗುತ್ತದೆ.

ನಿರಪಾಯ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ರೇಷಿಯ ಪುಡಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣ ಹಾಂಗ್‌ಕಾಂಗ್‌ನಲ್ಲಿ ದಾಖಲಾಗಿದೆ, ಥಾಯ್ಲೆಂಡಿನಲ್ಲಿ ಒಬ್ಬರ ಪ್ರಾಣವೇ ಹೋಗಿದೆ. ಇಂಥವು ಅಪರೂಪ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ಅಂಗ ಕಸಿಯಾದವರು, ಯಕೃತ್ತಿನ ತೊಂದರೆ ಇರುವವರು ಇದರಿಂದ ದೂರವಿರುವುದೇ ಕ್ಷೇಮ. ದೊಡ್ಡಪ್ಪನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಗ್ಯಾನೋಡರ್ಮಾ ಕುಲದಲ್ಲಿ ಹಲವು ಜಾತಿಗಳಿವೆ. ಚೀನಾದವರು ಬಳಸುವುದೇ ನಮ್ಮ ತೆಂಗಿನ ಬುಡದಲ್ಲಿ ಇದೆಯೆಂದು ಕಣ್ಣಿನಲ್ಲಿ ನೋಡಿ ಹೇಳಲಾಗದು. ಅಣಬೆಗಳು ಮಣ್ಣು, ಮರದೊಳಗಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಇಟ್ಟುಕೊಳ್ಳುತ್ತವೆ. ಆ ಮರಕ್ಕೆ ನಾವೇ ಬೇರಿನ ಮೂಲಕ ಶಿಲೀಂಧ್ರನಾಶಕ ಕುಡಿಸಿರುತ್ತೇವೆ. ಅದನ್ನು ಕುದಿಸಿ ಕುಡಿಯಕೂಡದು.

ಹಾಗಾದರೆ ಅಣಬೆ ಬೇಡವೇ? ಬೇಕು, ತಟ್ಟೆಗೆ ಬೇಕು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಜಕಿಯಾ ಬಾನು ಮತ್ತು ಶ್ರೀವಾಸ್ತವ ಅವರು ಬತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಯುವ ಕ್ರಮವನ್ನು 1962ರಲ್ಲಿಯೇ ಪ್ರಕಟಿಸಿದರು. ದೇಶದ ಚಿಪ್ಪಣಬೆ ಬೇಸಾಯಕ್ಕೆ ತಳಪಾಯ ಹಾಕಿದ ಕೆಲಸ ಅದು, ನಮ್ಮ ನಾಡಿನಲ್ಲಿ ಆದದ್ದು. ಸುಶ್ರುತ ಮೆಚ್ಚಿದ ಹುಲ್ಲಿನ ಅಣಬೆ ಎರಡು ಸಾವಿರ ವರ್ಷದ ಮೇಲೆ ಮೈಸೂರಿನ ಪ್ರಯೋಗಾಲಯದಲ್ಲಿ ಎದ್ದಿತು ಎಂದು ನನಗೆ ಅನ್ನಿಸುತ್ತದೆ. ಇವತ್ತು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜವೂ ಸಿಗುತ್ತದೆ, ತರಬೇತಿಯೂ ಸಿಗುತ್ತದೆ. ನೆಲಮಂಗಲ, ದೊಡ್ಡಬಳ್ಳಾಪುರದವರಿಗೆ ಒಂದು ಗಂಟೆಯ ದಾರಿ.

ಹುಲ್ಲನ್ನು ಎರಡಂಗುಲಕ್ಕೆ ಕತ್ತರಿಸಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದಿ, ಬಸಿದು, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಹಿಡಿ ಬೀಜ ಹಾಕುತ್ತ ತುಂಬಿ ಕತ್ತಲ ಕೋಣೆಯಲ್ಲಿ ಇಟ್ಟರೆ ಹದಿನೈದು ಇಪ್ಪತ್ತು ದಿನಕ್ಕೆ ಚೀಲ ಹಾಲು ಹೆಪ್ಪುಗಟ್ಟಿದಂತೆ ಬೆಳ್ಳಗಾಗುತ್ತದೆ. ಆಮೇಲೆ ಚೀಲಕ್ಕೆ ಅಲ್ಲಲ್ಲಿ ಸೀಳು ಕೊಟ್ಟು ನೀರು ಸಿಂಪಡಿಸುತ್ತಿದ್ದರೆ ವಾರದಲ್ಲಿ ಸೀಳಿನಿಂದ ಗೊಂಚಲು ಗೊಂಚಲಾಗಿ ಚಿಪ್ಪು ಬಿಚ್ಚುತ್ತದೆ. ಬೇಸಿಗೆಗೆ ಹಾಲಣಬೆ ಒಗ್ಗುತ್ತದೆ, ಅದಕ್ಕೆ ಮೇಲೆ ಮಣ್ಣಿನ ಹೊದಿಕೆ ಬೇಕು. ನೂರು ಗ್ರಾಂ ಹಸಿ ಅಣಬೆಯಲ್ಲಿ ತೊಂಬತ್ತು ಗ್ರಾಂ ನೀರೇ. ಪ್ರೋಟೀನ್ ಸುಮಾರು ಮೂರು ಗ್ರಾಂ. ಆದ್ದರಿಂದ ಹುರುಳಿ, ಅವರೆಯ ಜಾಗಕ್ಕೆ ಅದು ಬರಲಾರದು, ಪಕ್ಕದಲ್ಲಿ ಕೂರುತ್ತದೆ. ನಾರಿದೆ, ಬಿ ಜೀವಸತ್ವಗಳಿವೆ, ಕೊಬ್ಬು ಅತ್ಯಲ್ಪ, ಸಕ್ಕರೆ ಕಾಯಿಲೆಯವರ ಊಟಕ್ಕೆ ಒಳ್ಳೆಯದು. ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಹರಡಿದರೆ ಅದರಲ್ಲಿ ಡಿ ಜೀವಸತ್ವ ಹುಟ್ಟುತ್ತದೆ. ಇದಕ್ಕೆ ಯಾವ ಡಬ್ಬಿಯೂ ಬೇಡ. ಚೆನ್ನಾಗಿ ಬೇಯಿಸಿ ತಿನ್ನಿ, ಹಸಿಯಾಗಿ ಬೇಡ.

ಕಾಡು, ಹೊಲದಲ್ಲಿ ಎದ್ದದ್ದನ್ನು ಗುರುತು ಬಲ್ಲ ಹಿರಿಯರಿಲ್ಲದೆ ತರಬೇಡಿ. ಬೆಳ್ಳಿ ಕಾಸು ಹಾಕಿ, ಬೆಳ್ಳುಳ್ಳಿ ಹಾಕಿ ವಿಷ ನೋಡುವ ಪರೀಕ್ಷೆ ಸುಳ್ಳು. ಪ್ರಾಣ ತೆಗೆಯುವ ಅಣಬೆಗಳ ವಿಷ ಆರು ಗಂಟೆಗೂ ಹೆಚ್ಚು ಕಾಲ ಏನೂ ತೋರಿಸದೆ ಆಮೇಲೆ ವಾಂತಿಭೇದಿ ತರುತ್ತದೆ. ಆಗ ಉಳಿದ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಬೆಳೆಯುವ ಯುವಕರಿಗೂ ಒಂದು ಮಾತು. ರೇಷಿ ಬೆಳೆಯಿರಿ, ಕಾರ್ಡಿಸೆಪ್ಸ್ ಬೆಳೆಯಿರಿ, ನಾವೇ ಕೊಳ್ಳುತ್ತೇವೆ ಎಂದು ಬೀಜ, ಯಂತ್ರ ಮಾರುವವರು ನಾಯಿಕೊಡೆಗಳಂತೆ ಎದ್ದಿದ್ದಾರೆ. ಸಾಲ ಮಾಡುವ ಮೊದಲು ಅವರಿಂದ ಕೊಂಡು ಬೆಳೆದ ಇಬ್ಬರು ರೈತರ ಮನೆಗೆ ಹೋಗಿ, ಬೆಳೆದದ್ದಕ್ಕೆ ದುಡ್ಡು ಬಂತೇ ಎಂದು ಕೇಳಿ. ತೆಂಗು, ಅಡಿಕೆ ತೋಟದ ಮಗ್ಗುಲಲ್ಲಿ ಗ್ಯಾನೋಡರ್ಮಾ ಚೀಲಗಳನ್ನು ತಂದು ಸುರಿಯಬೇಡಿ.

ದೊಡ್ಡಪ್ಪ ಆ ಮರದ ಸುತ್ತ ಕಂದಕ ತೆಗೆಸಿದ್ದಾರೆ, ಅಣಬೆಯನ್ನು ಸುಟ್ಟಿದ್ದಾರೆ. ಅತ್ತಿಗೆ ಆಸ್ಪತ್ರೆಯ ಮಾತ್ರೆಗೆ ಮರಳಿದ್ದಾರೆ, ವಾರಕ್ಕೊಮ್ಮೆ ಚಿಪ್ಪಣಬೆ ಸಾರು ಮಾಡುತ್ತಾರೆ. ಈ ಮಾತುಗಳನ್ನು ಕೇಳುತ್ತಿರುವ ನಿಮ್ಮ ಮನೆಯ ಗೂಡಿನಲ್ಲೂ ಅಂಥದೊಂದು ಡಬ್ಬಿ ಇರಬಹುದು. ಅದನ್ನು ಮಕ್ಕಳಿಂದಾಗಲಿ ವೈದ್ಯರಿಂದಾಗಲಿ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಟಿ, ರಕ್ತಪರೀಕ್ಷೆಯ ಕಾಗದದ ಜೊತೆ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ವೈದ್ಯರ ಮೇಜಿನ ಮೇಲೆ ಇಡಿ.